ಮನೆ ಸಾಲ ಇರುವವರ ರಿಟರ್ನ್‌ಗೆ ಇನ್ನು 800 ರೂಪಾಯಿ: ಗ್ರಾಹಕರಿಗೊಂದು ಪತ್ರ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಮನೆ ಸಾಲ ಅಥವಾ ಬಾಡಿಗೆ ಆದಾಯ ಇರುವವರ ಆದಾಯ ತೆರಿಗೆ ರಿಟರ್ನ್ ತುಂಬಿಕೊಡಲು ಈ ವರ್ಷದಿಂದ ನಮ್ಮ ಶುಲ್ಕ 800 ರೂಪಾಯಿ. ಬರೀ ಸಂಬಳ ಅಥವಾ ಪಿಂಚಣಿ ಇರುವವರಿಗೆ ಮೊದಲಿನ 500 ರೂಪಾಯಿಯೇ. ಕಾಗದಪತ್ರ ಮಾತ್ರ ಎಲ್ಲರದ್ದೂ ಜುಲೈ 15ರೊಳಗೆ ಬರಬೇಕು.

"ಫಾರ್ಮ್ 16 (ಕಂಪನಿ ಕೊಡೋ ಸಂಬಳ-ತೆರಿಗೆ ಪತ್ರ) ನೋಡಿ ತುಂಬೋದಕ್ಕೆ ಇಷ್ಟು ದುಡ್ಡಾ?" ಎಂದವರಿದ್ದಾರೆ. ಕೇಳಿ ನೋವಾಯಿತು. ತೆರಿಗೆ ಲೆಕ್ಕಕ್ಕೆ ಎರಡು ಪದ್ಧತಿಗಳಿವೆ: ಕಡಿತಗಳು ಹೆಚ್ಚಿರುವ ಹಳೆಯದು, ದರ ಕಡಿಮೆ ಇರುವ ಹೊಸದು. ಹಳೆ ಪದ್ಧತಿಯಲ್ಲಿ ಮನೆ ಸಾಲದ ಬಡ್ಡಿಯ ಕಡಿತ ಕೇಳಿದರೆ ಈಗ ಬ್ಯಾಂಕಿನ ಹೆಸರು, ಸಾಲದ ಖಾತೆ ಸಂಖ್ಯೆ, ಮಂಜೂರಾದ ದಿನಾಂಕ, ಉಳಿದ ಬಾಕಿ ಎಲ್ಲವನ್ನೂ ತುಂಬಬೇಕು. ವಿಮೆಗೆ ಪಾಲಿಸಿ ನಂಬರ್ ಬೇರೆ. ತೆರಿಗೆ ಇಲಾಖೆಯ ಬಳಿ ಇರುವ ನಿಮ್ಮ ಆದಾಯ, ತೆರಿಗೆಯ ಪಟ್ಟಿಗಳನ್ನು (ಎಐಎಸ್, 26ಎಎಸ್) ತಾಳೆ ನೋಡದೆ ನಾವು ಯಾರ ರಿಟರ್ನನ್ನೂ ಕಳಿಸಿಲ್ಲ, ಕಳಿಸುವುದೂ ಇಲ್ಲ. ಅರ್ಧ ಗಂಟೆಯ ಕೆಲಸ ಈಗ ಒಂದೂವರೆ ಗಂಟೆ ಹಿಡಿಯುತ್ತಿದೆ.

ಹೆಚ್ಚು ಕೇಳಿಬಂದ ದೂರು ಇದು: "ಸಾಲ ಕಟ್ಟುತ್ತಿದ್ದರೂ ಬಡ್ಡಿ ತೋರಿಸದೆ ನಷ್ಟ ಮಾಡಿದಿರಿ." ಈ ವರ್ಷದ ಲೆಕ್ಕವನ್ನೇ ನೋಡಿ. ಅರವತ್ತು ವರ್ಷ ತುಂಬದವರು, 2025-26ರಲ್ಲಿ ಸಂಬಳ 15 ಲಕ್ಷ. ವಾಸದ ಮನೆಯ ಬಡ್ಡಿ 2 ಲಕ್ಷ, 80ಸಿಯಲ್ಲಿ (ವಿಮೆ, ಪಿಎಫ್‌ನಂಥ ಉಳಿತಾಯದ ಕಡಿತ) ಪೂರ್ತಿ ಒಂದೂವರೆ ಲಕ್ಷ, ಸಂಬಳದವರಿಗೆಲ್ಲ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟರೆ ಬೇರೆ ಕಡಿತವಿಲ್ಲ. ಹಳೆ ಪದ್ಧತಿಯಲ್ಲಿ ಸೆಸ್ ಸೇರಿ ತೆರಿಗೆ 1,48,200 ರೂಪಾಯಿ. ಹೊಸದರಲ್ಲಿ ಬಡ್ಡಿ ಲೆಕ್ಕಕ್ಕೇ ಇಲ್ಲ, ಆದರೂ ತೆರಿಗೆ 97,500. ಬಡ್ಡಿ ಬಿಟ್ಟರೂ 50,700 ರೂಪಾಯಿ ಉಳಿಯಿತಲ್ಲ! ಇದನ್ನು ಆಗಲೇ ಕೂರಿಸಿ ತಿಳಿಸದಿದ್ದದ್ದು ನಮ್ಮ ತಪ್ಪು.

ಬಾಡಿಗೆಗೆ ಕೊಟ್ಟ ಮನೆಯ ವಿಷಯ ಬೇರೆ. ಅಲ್ಲಿ ಹೊಸ ಪದ್ಧತಿಯಲ್ಲೂ ಬಾಡಿಗೆಯಲ್ಲಿ ಬಡ್ಡಿ ಕಳೆಯಬಹುದು, ಆದರೆ ಬಡ್ಡಿಯೇ ಹೆಚ್ಚಾಗಿ ನಷ್ಟವಾದರೆ ಅದನ್ನು ಸಂಬಳದಲ್ಲಿ ಕಳೆಯಲಾಗದು. ಮನೆ ಕಂದಾಯವೂ ಕಳೆಯುತ್ತದೆ, ಆದರೆ ಆ ವರ್ಷದೊಳಗೆ ನೀವೇ ಕಟ್ಟಿರಬೇಕು. ದಯವಿಟ್ಟು ರಸೀದಿ ತನ್ನಿ. ಬಾಯಿಮಾತಿನ ಮೇಲೆ ತುಂಬುವುದಿಲ್ಲ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಕಳೆದ ಸಲ ಇಬ್ಬರ ಬಡ್ಡಿ ಸರ್ಟಿಫಿಕೇಟು ಬೇರೆಯವರ ಫೈಲು ಸೇರಿ, ರಿಟರ್ನ್ ತಿದ್ದಿ ಮತ್ತೆ ಸಲ್ಲಿಸಬೇಕಾಯಿತು. ಕೊನೆಯ ವಾರ ರಾಶಿ ಬಿದ್ದ ಕಾಗದಗಳ ನಡುವೆ ಆದದ್ದು. ಕ್ಷಮಿಸಿ. ಜುಲೈ 15 ಅನ್ನುತ್ತಿರುವುದು ಇದಕ್ಕೇ. ರಿಟರ್ನ್ ಸಲ್ಲಿಸಲು ಸರ್ಕಾರ ಕೊಟ್ಟ ಗಡುವು ದಾಟಿದರೆ ಹಳೆ ಪದ್ಧತಿ ಲಾಭವಿದ್ದವರಿಗೂ ಅದು ಸಿಗುವುದಿಲ್ಲ, ಮೇಲೆ 5,000 ರೂಪಾಯಿವರೆಗೆ ತಡದ ಶುಲ್ಕ.

ಈ ಸಲ ಎರಡೂ ಪದ್ಧತಿಯ ಲೆಕ್ಕದ ಪ್ರತಿಯನ್ನು ಎಲ್ಲರ ಕೈಗೂ ಕೊಡುತ್ತೇವೆ. ಅರ್ಥವಾಗದಿದ್ದರೆ ಸಂಜೆ ಬನ್ನಿ, ಕೂತು ಹೇಳುತ್ತೇವೆ. 800 ಈಗ ಕಷ್ಟ ಅನ್ನುವವರು ರೀಫಂಡ್ ಬಂದ ಮೇಲೆ ಕೊಡಿ. ಬರುವಾಗ ಆಧಾರ್ ಒಟಿಪಿ ಬರುವ ಫೋನ್ ಮರೆಯಬೇಡಿ.

ನಿಮ್ಮ ತೆರಿಗೆ ಸಲಹಾ ಕಚೇರಿಯವರು