ರೆಸೊನೇಟರ್ ಪಟ್ಟಿ ಕೂರಿಸುವವರ ಗಮನಕ್ಕೆ

ರೆಸೊನೇಟರ್ ಪಟ್ಟಿ ಎಂದರೆ ಬುಡ ಬಿಗಿದು ಕೂರಿಸಿದ, ತನ್ನದೇ ಆವರ್ತನದಲ್ಲಿ ಕಂಪಿಸಿ ಯಂತ್ರದ ಕಂಪನವನ್ನು ತಡೆಯುವ ಪಟ್ಟಿ. ಇವನ್ನು ಬರೀ ಅಳತೆ ನೋಡಿ ಪಾಸ್ ಮಾಡಬೇಡಿ, ತಟ್ಟಿ ಆವರ್ತನ ನೋಡಿ. 1 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿ 50 ಮಿ.ಮೀ. ಹೊರಚಾಚಿದ್ದರೆ ಅದರ ಆವರ್ತನ ಸುಮಾರು 325 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ). ಉದ್ದ 1 ಮಿ.ಮೀ. ಹೆಚ್ಚಾದರೆ 13 ಹರ್ಟ್ಜ್ ಇಳಿಯುತ್ತದೆ; ದಪ್ಪ 0.05 ಮಿ.ಮೀ. ಕಡಿಮೆಯಾದರೆ 16.

ಇದಕ್ಕಿಂತ ಹೆಚ್ಚು ಕಾಡುವುದು ಬುಡದ ಹಿಡಿತ. ಸ್ಕ್ರೂ ಸಡಿಲವಿದ್ದರೂ ಅಂಟು ದಪ್ಪವಾದರೂ ಆವರ್ತನ ಬೀಳುತ್ತದೆ. ಹಾಗಾಗಿ ಭಾರದ ಉಕ್ಕಿನ ದಿಮ್ಮಿಗೆ ಅದೇ ಸ್ಕ್ರೂ, ಅದೇ ಬಿಗಿತದಲ್ಲಿ ಕೂರಿಸಿ ಅಳೆಯಿರಿ. ಬೇಕಾದ್ದಕ್ಕಿಂತ ಅರ್ಧ ಮಿ.ಮೀ. ಉದ್ದವಾಗಿಯೇ ಕತ್ತರಿಸಿ, ಆಮೇಲೆ ಅರದಿಂದ ಉಜ್ಜಿ. ಜಾಸ್ತಿ ಉಜ್ಜಿದಿರಾ? 15 ಮಿ.ಮೀ. ಅಗಲದ ಪಟ್ಟಿಯ ತುದಿಗೆ 0.1 ಗ್ರಾಂ ಮೇಣ ಮೆತ್ತಿದರೆ ಹತ್ತು ಹರ್ಟ್ಜ್ ಇಳಿಯುತ್ತದೆ.

ಎಲ್ಲವೂ ಒಂದೇ ಶ್ರುತಿಗೆ ಬರಲೇಬೇಕೆಂಬ ಹಠ ಬೇಡ. ನಾಲ್ಕೈದು ಹರ್ಟ್ಜ್ ಚದುರಿದ್ದರೆ ಕಂಪನ ತಡೆಯುವ ಪ್ರಮಾಣ ತುಸು ತಗ್ಗಿ, ತಡೆಯುವ ಆವರ್ತನಗಳ ವ್ಯಾಪ್ತಿ ಹೆಚ್ಚುತ್ತದೆ. ಮೋಟಾರಿನ ವೇಗ ಏರಿಳಿಯುವ ಕಡೆ ಅದೇ ಒಳ್ಳೆಯದು.