ತೆರೆದ ಕಣ್ಣಿನ ಮುಂದಿನ ಅರ್ಧ ಪುಟ: ಯುವ ಬರಹಗಾರರಿಗೆ ಪತ್ರ

ಪ್ರಿಯ ಕಿರಿಯ ಗೆಳೆಯರೇ,

ಹೆಣಗಳ ಭಾಗಗಳಿಂದ ಕಟ್ಟಿದ ದೇಹಕ್ಕೆ ಜೀವ ತುಂಬಿ, ಅದನ್ನು ತೊರೆದು ಓಡುವ ವಿಜ್ಞಾನಿಯ ಫ್ರಾಂಕೆನ್‌ಸ್ಟೈನ್ ಕಥೆಯನ್ನು ಇಂದಿನ ಕಾಲಕ್ಕೆ ತಂದು ಅಲ್ಪ ಬಂಡವಾಳದ ಚಿತ್ರವಾಗಿಸಲು ನೀವು ಬರೆದ ಚಿತ್ರಕಥೆಯನ್ನು ಎರಡು ಬಾರಿ ಓದಿದೆ. ಅದರಲ್ಲಿ ಹನ್ನೊಂದು ಪುಟಗಳು ಪ್ರಯೋಗಾಲಯದ ಯಂತ್ರಗಳಿಗೇ ಮೀಸಲಾಗಿವೆ. ದೇಹ ಕಣ್ಣು ತೆರೆದ ನಂತರದ ರಾತ್ರಿಗೆ ದಕ್ಕಿದ್ದು ಅರ್ಧ ಪುಟ. ನನ್ನ ತಕರಾರು ಆ ಅರ್ಧ ಪುಟದ ಕುರಿತು.

ಮೇರಿ ಶೆಲ್ಲಿಯವರ 1818ರ ಮೂಲ ಕಾದಂಬರಿಯನ್ನು ದಯವಿಟ್ಟು ಮತ್ತೊಮ್ಮೆ ತೆರೆಯಿರಿ. ಸಿಡಿಲಬ್ಬರದ ಪ್ರಯೋಗಾಲಯ, ಚಪ್ಪಟೆ ನೆತ್ತಿ, ಕತ್ತಿನ ಲೋಹದ ಮೊಳೆ, ಇವೆಲ್ಲ ನಮ್ಮ ಮನಸ್ಸಿನಲ್ಲಿ ನೆಲೆಯೂರಿದ್ದು 1931ರ ಹಾಲಿವುಡ್ ಚಿತ್ರದಿಂದ. ಕಾದಂಬರಿಯ ವಿಜ್ಞಾನಿ ವಿಕ್ಟರ್ ಜೀವ ತುಂಬಿದ ಗುಟ್ಟನ್ನು ಹೇಳಲು ಒಪ್ಪುವುದೇ ಇಲ್ಲ. ನವೆಂಬರ್ ತಿಂಗಳ ರಾತ್ರಿ, ಕಿಟಕಿಗೆ ಬಡಿಯುವ ಮಳೆ, ಉರಿದು ಮುಗಿಯುತ್ತಿರುವ ಮೋಂಬತ್ತಿ, ತೆರೆದುಕೊಳ್ಳುವ ಹಳದಿ ಕಣ್ಣು, ಇಷ್ಟೇ ಅಲ್ಲಿರುವುದು. ಬಳಿಕ ಆ ಜೀವಿ ಅವನ ಹಾಸಿಗೆಯ ಪರದೆ ಸರಿಸಿ, ಏನೋ ತೊದಲಿ, ಹಲ್ಲು ಬಿಟ್ಟು ನಕ್ಕು, ಒಂದು ಕೈ ಚಾಚುತ್ತದೆ. ಹುಟ್ಟಿಸಿದವನು ಮೆಟ್ಟಿಲಿಳಿದು ಓಡಿಹೋಗುತ್ತಾನೆ. ಒಂದು ಕೋಣೆ, ಇಬ್ಬರು ನಟರು, ಒಂದು ದೀಪ ಸಾಕಾಗುವ ದೃಶ್ಯವಿದು, ಮತ್ತು ಇಡೀ ಕಥೆಯ ಭಯಾನಕತೆ ಹುಟ್ಟುವುದು ಆ ಚಾಚಿದ ಕೈ ಗಾಳಿಯಲ್ಲೇ ಉಳಿದುಬಿಡುವುದರಿಂದ.

ನೀವು ಪೂರ್ತಿ ಕೈಬಿಟ್ಟಿರುವ ಭಾಗವೊಂದಿದೆ: ಗುಡಿಸಲಿನ ಬಿರುಕಿನಿಂದ ಪಕ್ಕದ ಮನೆಯವರನ್ನು ತಿಂಗಳುಗಟ್ಟಲೆ ನೋಡುತ್ತಾ ಆ ಜೀವಿ ಮಾತು ಕಲಿಯುವುದು. (ಅದನ್ನು ಮೂಕ ದೈತ್ಯನೆಂದು ಭಾವಿಸಿದವರಿಗೆ ಅದರ ನಿರರ್ಗಳ ಮಾತೇ ದೊಡ್ಡ ಆಘಾತ.) ಬಿರುಕಿನ ಹಿಂದೆ ಕ್ಯಾಮೆರಾ ಇಡುವುದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ನೋಡುಗರು ತಾವೂ ಕದ್ದು ನೋಡುತ್ತಿದ್ದೇವೆಂದು ಅರಿತು ಮುಜುಗರಪಡುತ್ತಾರೆ.

ಕಥೆಯನ್ನು ಹೊಸದಾಗಿಸುವುದೆಂದರೆ ಮೋಂಬತ್ತಿಯ ಜಾಗದಲ್ಲಿ ಮೊಬೈಲ್ ಇಡುವುದಲ್ಲ. ಎಚ್.ಜಿ. ವೆಲ್ಸ್ ಅವರ 1897ರ ಅದೃಶ್ಯ ಮನುಷ್ಯನ ಕಥೆಯನ್ನು 2020ರಲ್ಲಿ ನಿರ್ದೇಶಕ ಲೀ ವಾನೆಲ್ ಸುಮಾರು 70 ಲಕ್ಷ ಡಾಲರಿನಲ್ಲಿ, ಅಂದರೆ ಹಾಲಿವುಡ್ಡಿನ ಲೆಕ್ಕದಲ್ಲಿ ಸಣ್ಣ ಮೊತ್ತದಲ್ಲಿ, ಮತ್ತೆ ತೆರೆಗೆ ತಂದಾಗ, ಕಥೆಯ ಕೇಂದ್ರವನ್ನು ಅದೃಶ್ಯನಾಗುವ ವಿಜ್ಞಾನಿಯಿಂದ ಅವನ ಹಿಂಸೆ ತಾಳದೆ ತಪ್ಪಿಸಿಕೊಂಡ ಹೆಣ್ಣಿಗೆ ವರ್ಗಾಯಿಸಿದರು. ಆಗ ಯಾರೂ ಇಲ್ಲದ ಮೂಲೆಯತ್ತ ಕ್ಯಾಮೆರಾ ಸುಮ್ಮನೆ ತಿರುಗಿದರೂ ನಮ್ಮ ಉಸಿರು ಬಿಗಿಯುತ್ತದೆ, ಏಕೆಂದರೆ ಆ ಮೂಲೆಯನ್ನು ನಾವು ಅವಳ ಕಣ್ಣಿನಿಂದ ನೋಡುತ್ತಿರುತ್ತೇವೆ.

ನಿಮ್ಮ ಕಥೆಯಲ್ಲಿ ಇಂದು ಓಡಿಹೋಗುವವನು ಯಾರು, ಮರುದಿನ ಬೆಳಗ್ಗೆ ತನಗೆ ತಾನೇ ಯಾವ ಕಾರಣ ಹೇಳಿಕೊಳ್ಳುತ್ತಾನೆ ಎಂಬುದನ್ನು ಮೊದಲು ತೀರ್ಮಾನಿಸಿ. ಯಂತ್ರಗಳ ಹನ್ನೊಂದು ಪುಟಗಳನ್ನು ಪಕ್ಕಕ್ಕಿಟ್ಟು ಆ ಒಂದು ರಾತ್ರಿಯನ್ನಷ್ಟೇ ಮತ್ತೆ ಬರೆದು ಕಳುಹಿಸಿ, ಕಾಯುತ್ತಿರುತ್ತೇನೆ.

ನಿಮ್ಮ ಹಿರಿಯ ಗೆಳೆಯ