ಹೊಸ ಮಲ್ಟಿಫಂಕ್ಷನ್ ಪ್ರಿಂಟರ್‌ಗೆ ಡ್ರೈವರ್ ಹಾಕಿಕೊಳ್ಳುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಡ್ರೈವರನ್ನು (ಕಂಪ್ಯೂಟರ್ ಪ್ರಿಂಟರಿನಿಂದ ಕೆಲಸ ಮಾಡಿಸಲು ಬೇಕಾದ ತಂತ್ರಾಂಶ) ತಯಾರಕರ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಿದ ಕೂಡಲೇ ಕಣ್ಣಿಗೆ ಬೀಳುವ ‘ಉಚಿತ ಡ್ರೈವರ್’ ತಾಣಗಳ ಸಹವಾಸ ಖಂಡಿತ ಬೇಡ. ಯಂತ್ರದ ಮೇಲಿನ ಲೇಬಲ್ ನೋಡಿ ಮಾದರಿ ಸಂಖ್ಯೆಯನ್ನು ಒಂದಕ್ಷರವೂ ಬಿಡದೆ ಬರೆದುಕೊಳ್ಳಿ; ಕೊನೆಯ ಅಕ್ಷರ ಬೇರೆಯಾದರೆ ಡ್ರೈವರೂ ಬೇರೆಯಾಗಿರಬಹುದು.

‘ಪ್ರಿಂಟ್ ಬರುತ್ತದೆ, ಸ್ಕ್ಯಾನ್ ಆಗುವುದಿಲ್ಲ’ ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಒಂದೇ. ಯುಎಸ್‌ಬಿ ಕೇಬಲನ್ನು ಮೊದಲೇ ಜೋಡಿಸಿದರೆ ವಿಂಡೋಸ್ ತನ್ನ ಬಳಿಯಿರುವ ಸಾಧಾರಣ ಡ್ರೈವರನ್ನು ತಾನೇ ಹಾಕಿಬಿಡುತ್ತದೆ. ಅದರಲ್ಲಿ ಮುದ್ರಣದ ಭಾಗವಿರುತ್ತದೆ, ಸ್ಕ್ಯಾನರಿನ ಭಾಗ ಹಲವು ಬಾರಿ ಇರುವುದಿಲ್ಲ. ಆದ್ದರಿಂದ ತಯಾರಕರ ತಾಣದಲ್ಲಿ ಮುದ್ರಣ, ಸ್ಕ್ಯಾನ್ ಎರಡೂ ಇರುವ ಪೂರ್ಣ ಪ್ಯಾಕೇಜನ್ನೇ ಆರಿಸಿ ಚಾಲೂ ಮಾಡಿ, ಪರದೆಯ ಮೇಲೆ ಸೂಚನೆ ಬಂದ ನಂತರವೇ ಕೇಬಲ್ ಜೋಡಿಸಿ. ಹಳೆಯ ಡ್ರೈವರ್ ಇದ್ದರೆ ಮೊದಲು ತೆಗೆದುಹಾಕಿ.

ನೆಟ್‌ವರ್ಕ್ ಮೂಲಕ ಜೋಡಿಸುವವರು ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಕೊಟ್ಟು ಪ್ರಿಂಟರ್ ಸೇರಿಸಿಕೊಳ್ಳಿ. ವಿಳಾಸ ಯಂತ್ರದ ನೆಟ್‌ವರ್ಕ್ ಮೆನುವಿನಲ್ಲಿ ಸಿಗುತ್ತದೆ. ತಾನಾಗಿ ಹುಡುಕಿಕೊಳ್ಳಲು ಬಿಟ್ಟರೆ ಕೆಲವೊಮ್ಮೆ ಡಬ್ಲ್ಯೂಎಸ್‌ಡಿ ಪೋರ್ಟ್ (ವಿಂಡೋಸ್ ಪ್ರಿಂಟರನ್ನು ತಾನೇ ಪತ್ತೆಹಚ್ಚಿ ಜೋಡಿಸುವ ಬಗೆ) ಆಯ್ಕೆಯಾಗುತ್ತದೆ. ಆಮೇಲೆ ಎದುರಿಗೇ ದೀಪ ಉರಿಯುತ್ತಿರುವ ಪ್ರಿಂಟರನ್ನೂ ಕಂಪ್ಯೂಟರ್ ‘ಆಫ್‌ಲೈನ್’ ಎನ್ನಬಹುದು!

ಅಡ್ಮಿನ್ ಪಾಸ್‌ವರ್ಡ್ ಕೇಳಿದರೆ ತಾಂತ್ರಿಕ ವಿಭಾಗದವರನ್ನು ಕರೆಯಿರಿ. ದಯವಿಟ್ಟು ಪಾಸ್‌ವರ್ಡನ್ನು ಈ ಗುಂಪಿನಲ್ಲಿ ಹಾಕಬೇಡಿ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷಾ ಪುಟ ಮುದ್ರಿಸಿ, ಒಂದು ಹಾಳೆ ಸ್ಕ್ಯಾನ್ ಮಾಡಿ. ಕಾಗದದ ಅಳತೆ ಎ4 ಎಂದಿದೆಯೇ ನೋಡಿಕೊಳ್ಳಿ. ‘ಲೆಟರ್’ ಎಂದಿದ್ದರೆ, ಟ್ರೇ ತುಂಬ ಎ4 ಹಾಳೆಗಳಿದ್ದರೂ ಯಂತ್ರ ಕಾಗದ ಕೇಳುತ್ತ ನಿಂತುಬಿಡಬಹುದು. ಆಗ ನಿಮ್ಮ ನಂತರ ಮುದ್ರಣಕ್ಕೆ ಕಳಿಸಿದವರ ಕಡತಗಳೆಲ್ಲ ಸಾಲಿನಲ್ಲಿ ಕಾಯಬೇಕಾಗುತ್ತದೆ.